ನನ್ನ ನಾಯಕತ್ವ ಮತ್ತು ಒಂದು ಕುಂಬಳಕಾಯಿ

ನನ್ನನ್ನು ಯಾರಾದರೂ ಸಿಡುಕ ಎಂದರೆ ನನಗೆ ಬೇಜಾರಿಲ್ಲ. ಜಿಪುಣ ಎಂದರೆ, ಹೇಳಿದವರು ನನ್ನ ಹೆಂಡತಿಯ ಕಡೆಯವರೇ ಇರಬೇಕು ಎಂದು ಸುಮ್ಮನಾಗುತ್ತೇನೆ. ಹೊಟ್ಟೆ ಮುಂದೆ ಬಂದಿದೆ, ಕೂದಲು ಹಿಂದೆ ಸರಿದಿದೆ ಎಂದರೂ ಜಗಳಕ್ಕೆ ಹೋಗುವುದಿಲ್ಲ, ಕನ್ನಡಿ ನಮ್ಮ ಮನೆಯಲ್ಲೂ ಇದೆ. ಆದರೆ ‘ನೀವು ತುಂಬಾ ಒಳ್ಳೇ ಸಪೋರ್ಟರ್ ಸಾರ್’ ಎಂದು ಯಾರಾದರೂ ನಗುನಗುತ್ತಾ ಹೇಳಿದರೆ ಮಾತ್ರ ಅಂಗಾಲಿನಿಂದ ನೆತ್ತಿಯವರೆಗೆ ಉರಿ ಹತ್ತಿಕೊಳ್ಳುತ್ತದೆ. ಬೈದರೆ ತಿರುಗಿ ಬೈಯಬಹುದು. ಹೀಗೆ ಹೊಗಳಿದರೆ ಏನು ಮಾಡುವುದು? ಥ್ಯಾಂಕ್ಸ್ ಹೇಳಬೇಕಾಗುತ್ತದೆ. ನಾನು ಹೇಳಿದೆ ಕೂಡ. ಆ ಥ್ಯಾಂಕ್ಸ್ ಇವತ್ತಿಗೂ ನನ್ನ ಗಂಟಲಲ್ಲಿ ಸಿಕ್ಕಿಕೊಂಡಿದೆ, ಅದನ್ನು ಕಕ್ಕಿಬಿಡೋಣ ಎಂದೇ ಇದನ್ನು ಬರೆಯಲು ಕೂತಿದ್ದೇನೆ.

ನಾನು ರಾಜಾಜಿನಗರದ ಕೈಗಾರಿಕಾ ಪ್ರದೇಶದಲ್ಲಿ, ಬೋರ್‌ವೆಲ್ ಪಂಪುಗಳಿಗೆ ಬೇಕಾದ ಬುಷ್ಷು, ವಾಷರು ಮಾಡುವ ಒಂದು ಸಣ್ಣ ಕಂಪನಿಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತೇನೆ. ಹೆಸರು ಮಹದೇವಸ್ವಾಮಿ, ಅಲ್ಲಿ ಎಲ್ಲರ ಬಾಯಲ್ಲೂ ಬರೀ ಸ್ವಾಮಿ. ಬಸವೇಶ್ವರನಗರದ ಮನೆಯಿಂದ ಹಣೆಗೆ ವಿಭೂತಿ ಇಟ್ಟುಕೊಂಡು, ಸ್ಕೂಟರಿಗೆ ಊಟದ ಡಬ್ಬಿ ಸಿಕ್ಕಿಸಿಕೊಂಡು ಹೊರಟರೆ ಅರ್ಧ ದಾರಿಯಲ್ಲೇ ಸ್ಕೂಟರಿಗೆ ಗೊತ್ತಾಗಿಬಿಡುತ್ತದೆ, ಎಲ್ಲಿಗೆ ಹೋಗಬೇಕೆಂದು. ಅಷ್ಟು ವರ್ಷದ ಸರ್ವಿಸು. ನಮ್ಮ ಸ್ಟೋರ್ಸ್ ಮತ್ತು ಡಿಸ್ಪ್ಯಾಚ್ ವಿಭಾಗಕ್ಕೆ ಶಿವರುದ್ರಪ್ಪನವರು ಎಂಬ ಮುಖ್ಯಸ್ಥರಿದ್ದರು. ಅವರಿಗೆ ಒಂದು ಗಾಜಿನ ಕ್ಯಾಬಿನ್ನು, ಕ್ಯಾಬಿನ್ನಿನೊಳಗೆ ಒಂದು ತಿರುಗುವ ಕುರ್ಚಿ, ಕುರ್ಚಿಯ ನೆತ್ತಿಯ ಮೇಲೆ ಸರಿಯಾಗಿ ಒಂದು ಫ್ಯಾನು. ನನ್ನದು ಮರದ ಕುರ್ಚಿ, ಅದರ ಒಂದು ಕಾಲು ಗಿಡ್ಡ. ಅದು ಅಲುಗಾಡದಿರಲೆಂದು ಅದರ ಕಾಲ ಕೆಳಗೆ ನಮ್ಮದೇ ಕಂಪನಿಯ ವಾಷರು ಇಟ್ಟುಕೊಂಡಿದ್ದೆ. ಶಿವರುದ್ರಪ್ಪನವರು ಈ ವರ್ಷ ನಿವೃತ್ತರಾದರು. ಹಾರ ಹಾಕಿ, ಶಾಲು ಹೊದಿಸಿ, ಮೈಸೂರುಪಾಕು ತಿಂದು ಅವರನ್ನು ಕಳಿಸಿಕೊಟ್ಟ ಮಾರನೆಯ ದಿನದಿಂದ ಕ್ಯಾಬಿನ್ನು ಖಾಲಿ. ಅಲ್ಲಿಗೆ ಯಾರು ಹೋಗಬೇಕು? ನೀವೇ ಹೇಳಿ. ಮರದ ಕುರ್ಚಿಯ ಮೇಲೆ ಇಷ್ಟು ವರ್ಷ ಅಲುಗಾಡದೆ ಕೂತವನಲ್ಲವೇ?

ಮನೆಯಲ್ಲಿ ನನ್ನಾಕೆ ಗಿರಿಜಾ ಆಗಲೇ ಅವಳ ಅಕ್ಕನಿಗೆ ಫೋನಿನಲ್ಲಿ, ‘ನಮ್ಮನೆಯವರಿಗೆ ಕ್ಯಾಬಿನ್ ಕೊಡ್ತಾ ಇದಾರೆ ಕಣೇ’ ಎಂದು ಹೇಳಿಯೂ ಆಗಿತ್ತು. ಇನ್ನು ನಾನು ಹಿಂದೆ ಸರಿಯುವ ಹಾಗಿರಲಿಲ್ಲ.

ಆದರೆ ಹಳೆಯ ಓನರ್ ಈಗ ಆಫೀಸಿಗೆ ಬರುವುದು ಹಬ್ಬಕ್ಕೋ ಹುಣ್ಣಿಮೆಗೋ. ಎಲ್ಲವನ್ನೂ ನೋಡಿಕೊಳ್ಳುವವರು ಅವರ ಸೊಸೆ ಅನುಷಾ ಮೇಡಂ. ಒಳ್ಳೆಯ ಹುಡುಗಿ, ಸುಳ್ಳು ಹೇಳಬಾರದು, ಯಾರನ್ನೂ ಏಕವಚನದಲ್ಲಿ ಮಾತಾಡಿಸಿದವರಲ್ಲ. ಆದರೆ ಮ್ಯಾನೇಜ್‌ಮೆಂಟ್ ಓದಿಕೊಂಡು ಬಂದಿದ್ದಾರೆ. ನಮ್ಮನ್ನೆಲ್ಲ ಸೇರಿಸಿ ಒಂದು ದಿನ ಹೇಳಿದರು: ‘ನೀವೆಲ್ಲ ಒಂದು ಗ್ರೂಪ್ ಅಷ್ಟೇ, ಇನ್ನೂ ಟೀಮ್ ಆಗಿಲ್ಲ. ನಾವು ಟೀಮ್ ಆಗ್ಬೇಕು.’ ನನಗೆ ಅಲ್ಲೇ ಕೋಪ ಬಂತು. ಇಷ್ಟು ವರ್ಷ ಒಂದೇ ಟೇಬಲ್ಲಿನ ಮೇಲೆ ಡಬ್ಬಿ ಬಿಚ್ಚಿ, ಒಬ್ಬರ ಪಲ್ಯಕ್ಕೆ ಇನ್ನೊಬ್ಬರು ಕೈ ಹಾಕಿ, ಒಬ್ಬರ ಮಗಳ ಮದುವೆಯಲ್ಲಿ ಇನ್ನೊಬ್ಬರು ಬಡಿಸಿ ಬೆಳೆದವರು ನಾವು, ಈಗ ಬಂದು ಟೀಮ್ ಅಲ್ಲ ಅಂತೀರಲ್ಲ ತಾಯಿ, ಎಂದು ಕೇಳಬೇಕು ಅನ್ನಿಸಿತು. ಕೇಳಲಿಲ್ಲ. ಹಿರಿಯನಾದವನು ಎಲ್ಲರೆದುರಿಗೆ ಹಾಗೆಲ್ಲ ಮಾತಾಡಬಾರದು. ಅಲ್ಲದೆ ಆಗ ಅವರು ಬಿಸ್ಕತ್ತಿನ ತಟ್ಟೆ ನನ್ನ ಕಡೆಗೇ ಚಾಚಿದ್ದರು.

ಟೀಮ್ ಆಗುವುದಕ್ಕೆ ನಮ್ಮನ್ನು ಕೆಂಗೇರಿಯಿಂದಾಚೆ ಮೈಸೂರು ರಸ್ತೆಯ ಒಂದು ರೆಸಾರ್ಟಿಗೆ ಕರೆದುಕೊಂಡು ಹೋದರು. ಡಿಸ್ಪ್ಯಾಚಿನ ಸುಲೋಚನಾ ಮೇಡಂ ಒಬ್ಬರು ಬರಲಿಲ್ಲ. ಅವರು ಹಾವೇರಿ ಕಡೆಯವರು, ಶ್ರೀಗಂಧದ ಕಾವಲಿನಲ್ಲಿ ಮನೆ. ‘ಇವತ್ತ ಲಾರಿ ಬರತೈತ್ರೀ, ಲೋಡ್ ಕಳಸೋರು ಯಾರು? ನೀವು ಹೋಗಿ ಟೀಮ್ ಆಗಿ ಬರ್ರಿ, ಆಮೇಲೆ ನನಗೂ ಒಂದೀಟು ಹೇಳಿಕೊಡ್ರಿ’ ಎಂದು ನಮ್ಮನ್ನೆಲ್ಲ ಬಸ್ಸು ಹತ್ತಿಸಿ, ಎಲ್ಲರೂ ನೀರಿನ ಬಾಟ್ಲಿ ತಂದಿದ್ದಾರೋ ಇಲ್ಲವೋ ಎಂದು ಕೇಳಿ ಕಳಿಸಿದರು.

ಅಲ್ಲಿ ತರಬೇತಿ ಕೊಡಲು ಬಂದವನಿಗೆ ನನ್ನ ಮಗನಿಗಿಂತ ಚಿಕ್ಕ ವಯಸ್ಸು. ಕೆನ್ನೆಗೆ ಅಂಟಿಸಿಕೊಂಡ ಮೈಕು, ಅಚ್ಚುಕಟ್ಟಾದ ಗಡ್ಡ, ಮಾತಿಗೊಮ್ಮೆ ‘ಗೈಸ್’. ನಮ್ಮ ಅನುಷಾ ಮೇಡಂ ಅವರನ್ನೂ ಗೈಸ್ ಎಂದ! ಮೊದಲನೆಯ ಆಟ, ಕಣ್ಣು ಮುಚ್ಚಿಕೊಂಡು ಹಿಂದಕ್ಕೆ ಬೀಳುವುದು. ಹಿಂದೆ ನಿಂತವರು ಹಿಡಿದುಕೊಳ್ಳುತ್ತಾರೆ ಎಂಬ ನಂಬಿಕೆ ಹುಟ್ಟಬೇಕಂತೆ. ನನ್ನ ಹಿಂದೆ ನಿಂತಿದ್ದವನು ಲೇತ್ ಮಷಿನ್ನಿನ ಮುನಿರಾಜು. ಆತ ಬಲಶಾಲಿ, ನನ್ನಂಥವರಿಬ್ಬರನ್ನು ಹಿಡಿಯಬಲ್ಲ. ಆದರೆ ಅವನ ಜೇಬಿನಲ್ಲಿ ಫೋನಿದೆ, ಅದು ಯಾವಾಗ ಬಡಿದುಕೊಳ್ಳುತ್ತದೋ ಹೇಳಲಾಗದು. ನಾನು ಬೀಳುವ ಮುಂಚೆ ಒಂದು ಸಲ ತಿರುಗಿ ನೋಡಿದೆ. ಮತ್ತೊಮ್ಮೆ ನೋಡಿದೆ. ‘ಸಾರ್, ಹಿಂಗೆ ತಿರುಗ್ ತಿರುಗಿ ನೋಡ್ತಿದ್ರೆ ನನ್ ಮೇಲೆ ನಂಬ್ಕೆ ಇಲ್ಲ ಅಂತ ಆಯ್ತದೆ’ ಎಂದು ಮುನಿರಾಜು ನೊಂದುಕೊಂಡ. ಕೊನೆಗೆ ಬಿದ್ದೆ. ಹಿಡಿದ, ಪಾಪ. ಆದರೆ ನನಗೆ ಹುಟ್ಟಿದ್ದು ನಂಬಿಕೆಯಲ್ಲ, ಸೊಂಟನೋವು.

ಎರಡನೆಯ ಆಟವೇ ನನ್ನ ಬಾಳಿಗೆ ಬಿದ್ದ ಕಲ್ಲು. ಹಳೆಯ ಪೇಪರು, ಒಂದು ಟೇಪು ಕೊಟ್ಟು, ನಾಲ್ಕೈದು ಜನ ಸೇರಿ ಆದಷ್ಟು ಎತ್ತರದ ಗೋಪುರ ಕಟ್ಟಿ ಎಂದ. ನಮ್ಮ ಗುಂಪಿನಲ್ಲಿ ಎಲ್ಲರೂ ಮೇಲ್ಮೇಲಕ್ಕೆ ಕಟ್ಟುವವರೇ. ಕೆಳಗೆ ಬುಡ ವಾಲಾಡುತ್ತಿತ್ತು. ನಾನು ಸುಮ್ಮನೆ ಕುಕ್ಕರುಗಾಲಿನಲ್ಲಿ ಕೂತು ಬುಡವನ್ನು ಎರಡು ಕೈಯಲ್ಲೂ ಅಪ್ಪಿ ಹಿಡಿದೆ. ಯಾರೂ ಹೇಳಿರಲಿಲ್ಲ, ನಾನಾಗಿ ಹಿಡಿದದ್ದು, ಇದನ್ನು ದಯವಿಟ್ಟು ಗಮನಿಸಬೇಕು. ಗೋಪುರ ಎಲ್ಲರದಕ್ಕಿಂತ ಎತ್ತರವಾಯಿತು, ಚಪ್ಪಾಳೆಯಾಯಿತು, ಫೋಟೋ ಆಯಿತು. ಫೋಟೋದಲ್ಲಿ ನನ್ನದು ಕೈ ಮಾತ್ರ ಬಂದಿದೆ. ಮಂಡಿ ಹಿಡಿದುಕೊಂಡಿದ್ದರಿಂದ ಎದ್ದೆ ನೋಡಿ, ಗೋಪುರ ಪೂರ್ತಿ ಮಗುಚಿತು. ಆ ಗಡ್ಡದವನಿಗೆ ಅಷ್ಟೇ ಸಾಕಾಯಿತು. ಒಂದು ಚೀಲದ ತುಂಬ ಬಣ್ಣಬಣ್ಣದ ಟೋಪಿ ತಂದಿದ್ದ. ಕೆಂಪು ಟೋಪಿ ಲೀಡರಿಗೆ, ಹಳದಿ ಯೋಚನೆ ಮಾಡುವವರಿಗೆ, ಹಸಿರು ಎಲ್ಲರನ್ನೂ ಕೂಡಿಸುವವರಿಗೆ. ನನ್ನ ತಲೆಗೆ ಬೂದು ಬಣ್ಣದ ಟೋಪಿ ಇಟ್ಟು, ‘ಗೈಸ್, ನೋಡಿ, ಸ್ವಾಮಿ ಸಾರ್ ಪಕ್ಕಾ ಸಪೋರ್ಟರ್! ಲೀಡ್ ಮಾಡಲ್ಲ, ಆದ್ರೆ ಯಾರ ಹಿಂದೆ ನಿಲ್ಲಿಸಿದ್ರೂ ನಿಲ್ತಾರೆ’ ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ಅನುಷಾ ಮೇಡಂ ತಲೆಯಾಡಿಸಿದರು. ಆಗಲೇ ನಾನು ಆ ಥ್ಯಾಂಕ್ಸ್ ಹೇಳಿದ್ದು.

ಅಲ್ಲಾ ಸ್ವಾಮೀ, ಬುಡ ಹಿಡಿದವನು ಬಿಟ್ಟರೆ ಬಿದ್ದುಹೋಗುವ ಗೋಪುರಕ್ಕೆ ಲೀಡರ್ ಯಾರು? ಮೇಲೆ ಟೇಪು ಅಂಟಿಸಿದವನೋ, ಕೆಳಗೆ ಹಿಡಿದವನೋ? ಇದನ್ನು ಮನೆಗೆ ಬಂದು ಗಿರಿಜಾಳ ಮುಂದೆ ಇಟ್ಟೆ. ಅವಳು ಟೋಪಿಯನ್ನು ತಿರುವಿ ಮುರುವಿ ನೋಡಿ, ‘ಬಟ್ಟೆ ಚೆನ್ನಾಗಿದೆ ಕಣ್ರೀ, ಬಿಸಿಲಲ್ಲಿ ತರಕಾರಿಗೆ ಹೋಗ್ವಾಗ ಹಾಕ್ಕೊಳ್ಳಿ’ ಎಂದಳು. ನಾನು ಅನ್ಯಾಯದ ಮಾತಾಡುತ್ತಿದ್ದರೆ ಇವಳು ಬಟ್ಟೆಯ ಮಾತಾಡುತ್ತಾಳೆ. ‘ನಾನು ಸಪೋರ್ಟರಾ ಗಿರಿಜಾ? ನಿಜ ಹೇಳು’ ಎಂದೆ. ಅವಳು ಸ್ವಲ್ಪ ಯೋಚಿಸಿ, ‘ಮದುವೆ ಮನೇಲಿ ನಿಮ್ಮ ಕೈಗೆ ಯಾವಾಗ್ಲೂ ಬಕೆಟ್ ಬರುತ್ತಲ್ಲ, ಅದೇನು?’ ಎಂದಳು. ಅದು ನಿಜವೇ. ಯಾರ ಮದುವೆಗೆ ಹೋದರೂ, ರೇಷ್ಮೆ ಪಂಚೆ ಉಟ್ಟು ಹೋದರೂ, ಕೈ ತೊಳೆದು ಪಂಕ್ತಿಯಲ್ಲಿ ಕೂರೋಣ ಎನ್ನುವಷ್ಟರಲ್ಲಿ ಯಾರೋ ಬಂದು ಸಾರಿನ ಬಕೆಟ್ಟು ಕೈಗಿಟ್ಟು ಹೋಗುತ್ತಾರೆ. ಒಮ್ಮೆ ಚಂದ್ರಾ ಲೇಔಟಿನ ಕಲ್ಯಾಣಮಂಟಪದಲ್ಲಿ ಎರಡು ಪಂಕ್ತಿಗೆ ಬಡಿಸಿದ ಮೇಲೆ ಗೊತ್ತಾಯಿತು, ನಾನು ಹೋಗಬೇಕಿದ್ದದ್ದು ಮಹಡಿಯ ಮೇಲಿನ ಮದುವೆಗೆ. ಆದರೆ ಬಕೆಟ್ಟು ಕೈಗೆ ಬಂದಾಗ ಹಸಿದವರನ್ನು ನೋಡುತ್ತಾ ನಿಲ್ಲುವುದು ಮನುಷ್ಯತ್ವವೇ? ಇದಕ್ಕೂ ನಾಯಕತ್ವಕ್ಕೂ ಏನು ಸಂಬಂಧ?

ಅನುಷಾ ಮೇಡಂ ಕ್ಯಾಬಿನ್ನಿನ ವಿಷಯ ಇತ್ಯರ್ಥ ಮಾಡಲಿಲ್ಲ. ‘ಸರ್ವಿಸ್ ನೋಡಿ ಕೊಡಲ್ಲ, ಲೀಡರ್‌ಶಿಪ್ ನೋಡಿ ಕೊಡ್ತೀನಿ’ ಎಂದರು. ನೋಡುವುದಕ್ಕೆ ಒಂದು ಕೆಲಸವೂ ಸಿಕ್ಕಿತು. ದಸರಾ ಹತ್ತಿರ ಬಂದಿತ್ತು. ಕೈಗಾರಿಕಾ ಪ್ರದೇಶದಲ್ಲಿ ಯುಗಾದಿಗಿಂತ, ದೀಪಾವಳಿಗಿಂತ ದೊಡ್ಡದು ಆಯುಧಪೂಜೆ. ನಮ್ಮಲ್ಲಿ ಅದು ಹೇಗೆ ನಡೆಯುತ್ತಿತ್ತು ಎಂದು ಕೇಳಿದರೆ ಯಾರಿಗೂ ಹೇಳಲು ಬರುವುದಿಲ್ಲ. ಹಬ್ಬ ಹತ್ತಿರವಾದಂತೆ ಮಷಿನ್ನುಗಳು ತಾವಾಗಿಯೇ ಫಳಫಳ ಅನ್ನುತ್ತಿದ್ದವು. ಬೆಳಿಗ್ಗೆ ಬರುವಷ್ಟರಲ್ಲಿ ಗೇಟಿಗೆ ಬಾಳೆಕಂದು ನಿಂತಿರುತ್ತಿತ್ತು. ಮಾವಿನ ಸೊಪ್ಪು ಬಂದಿರುತ್ತಿತ್ತು, ಕಡ್ಲೆಪುರಿ ಮೂಟೆ ಬಂದಿರುತ್ತಿತ್ತು. ಪೂಜೆ ಮುಗಿದ ಮೇಲೆ ಬೂದುಗುಂಬಳಕಾಯಿಗೆ ಕುಂಕುಮ ತುಂಬಿ, ಕರ್ಪೂರ ಹಚ್ಚಿ, ಮಷಿನ್ನುಗಳಿಗೆಲ್ಲ ನಿವಾಳಿಸಿ ಮುನಿರಾಜು ಗೇಟಿನ ಮುಂದೆ ಒಡೆಯುತ್ತಿದ್ದ. ಒಡೆದ ಮೇಲೆ ಪುರಿ, ಸ್ವೀಟು, ರಜ. ಯಾರು ಯಾರಿಗೆ ಹೇಳಿದರು ಎಂದರೆ ಯಾರೂ ಯಾರಿಗೂ ಹೇಳಿರಲಿಲ್ಲ.

ಇದನ್ನು ಕೇಳಿ ಅನುಷಾ ಮೇಡಂ ಗಾಬರಿಯಾದರು. ‘ಹಂಗಾದ್ರೆ ಇದಕ್ಕೆಲ್ಲ ಲೀಡರ್ ಯಾರು?’ ಎಂದರು. ಎಲ್ಲರೂ ಮುಖ ಮುಖ ನೋಡಿಕೊಂಡರು. ‘ಲೀಡರ್ ಇಲ್ದೆ ಹೆಂಗೆ ನಡೀತಿದೆ ಇಷ್ಟು ವರ್ಷ?’ ಸುಲೋಚನಾ ಮೇಡಂ, ‘ನಡೀತೈತಲ್ರೀ ಮೇಡಂ, ನಡದದ್ದನ್ನ ಯಾಕ್ ಕೇಳತೀರಿ’ ಎಂದು ಕಡತದಿಂದ ತಲೆ ಎತ್ತದೆಯೇ ಹೇಳಿದರು. ನಾನು ಮಾತ್ರ ಅವಕಾಶ ಬಿಡಲಿಲ್ಲ. ಕೈ ಎತ್ತಿಬಿಟ್ಟೆ. ‘ಈ ಸಲ ನಾನು ಲೀಡ್ ಮಾಡ್ತೀನಿ ಮೇಡಂ’ ಎಂದೆ. ಬೂದು ಟೋಪಿಯವನು ಕೈ ಎತ್ತಿದ್ದು ಕಂಡು ಅನುಷಾ ಮೇಡಂ ಕಣ್ಣರಳಿಸಿದರು. ‘ಗ್ರೇಟ್ ಸ್ವಾಮಿ ಸಾರ್. ಇದು ಚೆನ್ನಾಗಿ ಆದ್ರೆ ಕ್ಯಾಬಿನ್ ಬಗ್ಗೆ ಪೂಜೆ ದಿನವೇ ಹೇಳ್ತೀನಿ’ ಎಂದರು. ನನಗೆ ಆಗಲೇ ನೆತ್ತಿಯ ಮೇಲೆ ಫ್ಯಾನಿನ ಗಾಳಿ ಬೀಸಿದ ಹಾಗಾಯಿತು.

ನಾಯಕನಾಗುವುದು ಹೇಗೆ ಎಂದು ಫೋನಿನಲ್ಲಿ ವಿಡಿಯೋ ನೋಡಿದೆ. ಬೆಳಗಿನ ಕಾಫಿಗೆ ಒಂದು, ತಿಂಡಿಗೆ ಒಂದು. ಎಲ್ಲರೂ ಕೋಟು ಹಾಕಿಕೊಂಡು ಒಂದೇ ಮಾತು ಹೇಳುತ್ತಾರೆ: ಲೀಡರಾದವನು ಕೆಲಸ ಮಾಡಬಾರದು, ಮಾಡಿಸಬೇಕು. ಇದು ನನಗೆ ಬಹಳ ಹಿಡಿಸಿತು. ಇಂಥ ಸುಲಭದ ವಿದ್ಯೆಯನ್ನು ನನಗೆ ಇಷ್ಟು ದಿನ ಯಾರೂ ಹೇಳಿಕೊಡಲಿಲ್ಲವಲ್ಲ ಎಂದು ಸಿಟ್ಟೂ ಬಂತು. ಮಾರನೆಯ ದಿನವೇ ಎಲ್ಲರನ್ನೂ ನಿಲ್ಲಿಸಿಕೊಂಡು ಮೀಟಿಂಗು ಮಾಡಿದೆ. ವಾಟ್ಸಾಪಿನಲ್ಲಿ ಆಯುಧಪೂಜೆ ಗ್ರೂಪು ತೆರೆದೆ. ಒಬ್ಬೊಬ್ಬರಿಗೂ ಒಂದೊಂದು ಕೆಲಸ ಹೇಳಿದೆ. ‘ಮುನಿರಾಜು, ಬಾಳೆಕಂದು ನಿನ್ನ ಜವಾಬ್ದಾರಿ. ಮಾವಿನ ಸೊಪ್ಪೂ ನೀನೇ. ಕಾಯಿ ಒಡೆಯೋದೂ ನೀನೇ’ ಎಂದೆ. ಅವನ ಮುಖ ದಪ್ಪಗಾಯಿತು. ‘ಸ್ವಾಮಿ ಸಾರ್, ನಾನು ವರ್ಷಾ ವರ್ಷಾ ತತ್ತಿರ್ಲಿಲ್ವಾ? ಮಾಗಡಿ ರೋಡಿಂದ ಗಾಡಿ ಮೇಲೆ ಹೊತ್ಕಂಡ್ ಬತ್ತಿರ್ಲಿಲ್ವಾ? ಈಗ ನೀವು ಹೇಳಿದ್ಮೇಲೆ ತರ್ಬೇಕಾ?’ ಎಂದ. ‘ಹೇಳಿದ್ರೆ ಏನಾಯ್ತೋ?’ ಎಂದೆ. ‘ಏನಿಲ್ಲ ಬಿಡಿ ಸಾರ್. ಮೊದ್ಲು ನಮ್ ಮಷಿನ್ನಿಗೆ ಅಂತ ತತ್ತಿದ್ದೆ. ಈಗ ನಿಮ್ಗೆ ಅಂತ ತತ್ತೀನಿ’ ಎಂದು ಹೊರಟುಹೋದ. ಎಂಥ ಅಹಂಕಾರ ನೋಡಿ! ಕೋಟಿನವರು ಇದಕ್ಕೂ ಉತ್ತರ ಹೇಳಿದ್ದರು. ಬದಲಾವಣೆಯನ್ನು ಕೆಲವರು ವಿರೋಧಿಸುತ್ತಾರಂತೆ.

ಒಬ್ಬ ಮುನಿರಾಜು ಅಲ್ಲ, ಎಲ್ಲರಿಗೂ ಏನೋ ಆಯಿತು. ಪುರಿ ತರುವವರು ‘ಎಷ್ಟು ತರ್ಲಿ’ ಎಂದು ಕೇಳತೊಡಗಿದರು, ಜನ್ಮದಲ್ಲಿ ಕೇಳಿದವರಲ್ಲ. ಹೂ ತರುವವರು ಸೇವಂತಿಗೆಯೋ ಚೆಂಡುಹೂವೋ ನೀವೇ ತೀರ್ಮಾನ ಮಾಡಿ ಎಂದರು. ಮಷಿನ್ನು ಒರೆಸುವ ಬಟ್ಟೆ ಹರಿದಿದೆ ಎಂದು ಗ್ರೂಪಿನಲ್ಲಿ ಫೋಟೋ ಹಾಕಿದರು. ನಾನು ಎಲ್ಲದಕ್ಕೂ ಉತ್ತರ ಕೊಟ್ಟೆ. ನಾಯಕನಿಗೆ ಎಷ್ಟು ಕಷ್ಟ ಎಂಬುದು ನನಗೆ ಆಗ ಗೊತ್ತಾಯಿತು. ಕೈಯಲ್ಲಿ ಒಂದು ಹುಲ್ಲುಕಡ್ಡಿಯನ್ನೂ ಎತ್ತುವುದಿಲ್ಲ, ಆದರೂ ಸಾಯಂಕಾಲಕ್ಕೆ ಮೈಕೈ ನೋವು. ಸುಲೋಚನಾ ಮೇಡಂ ಒಬ್ಬರೇ ಏನೂ ಕೇಳಲಿಲ್ಲ. ರಂಗೋಲಿ ನಿಮ್ಮದು ಎಂದರೆ ‘ಆತ್ರಿ’ ಎಂದರು. ಗ್ರೂಪಿನಲ್ಲಿ ನನ್ನ ಸಂದೇಶಕ್ಕೆಲ್ಲ ಬರೀ ಹೆಬ್ಬೆರಳು ಹಾಕುತ್ತಿದ್ದರು. ಒಳಗೊಳಗೇ ಹೊಟ್ಟೆಕಿಚ್ಚು ಪಡುತ್ತಿರಬೇಕು ಎಂದು ನಾನು ಗಿರಿಜಾಳಿಗೆ ಹೇಳಿದೆ.

ಪೂಜೆಯ ದಿನ ಬಂತು. ಗಿರಿಜಾ ಇಸ್ತ್ರಿ ಮಾಡಿದ ಬಿಳಿ ಪಂಚೆ ಕೊಟ್ಟು, ‘ಈ ಸಲ ಸ್ಕೂಟರಲ್ಲಿ ಏನೂ ಇಟ್ಕೊಂಡು ಹೋಗ್ತಿಲ್ವಲ್ಲಾ, ಬಟ್ಟೆ ಕೊಳೆಯಾಗಲ್ಲ’ ಎಂದಳು. ಅವಳು ಹಾಗೇಕೆ ಅಂದಳೆಂದು ನಾನು ಯೋಚಿಸಲಿಲ್ಲ. ನಾಯಕನ ತಲೆಯಲ್ಲಿ ಬೇರೆ ಸಾವಿರ ವಿಷಯ. ಆಫೀಸಿಗೆ ಹೋದರೆ ಎಲ್ಲವೂ ನಾನು ಹೇಳಿದ ಹಾಗೇ ಆಗಿತ್ತು, ನಾನು ಹೇಳಿದ್ದಕ್ಕಿಂತ ಒಂದು ಎಲೆ ಹೆಚ್ಚಿಲ್ಲ. ಹಳೆಯ ಓನರ್ ಬಂದರು. ನಿವೃತ್ತರಾದ ಶಿವರುದ್ರಪ್ಪನವರನ್ನೂ ಕರೆದಿದ್ದರು, ಅವರೂ ವಿಜಯನಗರದಿಂದ ಮೆಟ್ರೋದಲ್ಲಿ ಬಂದು ಮುಂದಿನ ಕುರ್ಚಿಯಲ್ಲಿ ಕೂತರು. ಪುರೋಹಿತರು ಬಂದರು. ಅವರಿಗೆ ಅವತ್ತು ಆ ಬೀದಿಯಲ್ಲಿ ಇನ್ನೂ ಎಷ್ಟೋ ಕಡೆ ಪೂಜೆ. ಮಂತ್ರ ಹೇಳುತ್ತಲೇ ಒಂದು ಕಣ್ಣನ್ನು ಗೇಟಿನ ಕಡೆಗೆ ಇಟ್ಟಿದ್ದರು. ನಾನು ಕೈ ಹಿಂದೆ ಕಟ್ಟಿಕೊಂಡು ಓಡಾಡಿದೆ. ಅನುಷಾ ಮೇಡಂ ನನ್ನ ಕಡೆ ನೋಡಿ ಒಮ್ಮೆ ಹೆಬ್ಬೆರಳು ಎತ್ತಿದರು. ಮಂಗಳಾರತಿ ಆಯಿತು. ಮುನಿರಾಜು ತಲೆಗೆ ಟವೆಲ್ ಸುತ್ತಿ, ತೋಳು ಮಡಿಸಿ, ಕರ್ಪೂರದ ಪೊಟ್ಟಣ ಹಿಡಿದು ಬಂದು ನಿಂತ. ಪುರೋಹಿತರು, ‘ಎಲ್ಲಿ, ಕುಂಬಳಕಾಯಿ ತನ್ನಿ’ ಎಂದರು.

ಯಾರೂ ಅಲುಗಾಡಲಿಲ್ಲ. ಎಲ್ಲರೂ ನನ್ನನ್ನೇ ನೋಡಿದರು. ಲೀಡರಲ್ಲವೇ, ಅದಕ್ಕೇ ನೋಡುತ್ತಿದ್ದಾರೆ ಎಂದುಕೊಂಡು ನಾನು ಮುನಿರಾಜುವನ್ನು ನೋಡಿದೆ. ‘ಕುಂಬಳಕಾಯಿ ಎಲ್ಲೋ?’ ‘ನಂಗೆ ಒಡೆಯೋಕೆ ಮಾತ್ರ ಹೇಳಿದ್ರಿ ಸಾರ್. ತರಕ್ಕೆ ಹೇಳ್ಲಿಲ್ಲ’ ಎಂದ. ನನಗೆ ಪಿತ್ತ ನೆತ್ತಿಗೇರಿತು. ಅಷ್ಟು ಜನರೆದುರಿಗೆ, ಓನರ್ ಎದುರಿಗೆ, ಶಿವರುದ್ರಪ್ಪನವರ ಎದುರಿಗೆ, ನನ್ನ ಕ್ಯಾಬಿನ್ನು ಯಾವುದರ ಮೇಲೆ ನಿಂತಿತ್ತೋ ಆ ಒಂದೇ ಒಂದು ಕಾಯಿ ಇಲ್ಲ! ನಾನು ಬಾಯಿ ಬಿಟ್ಟೆ. ‘ಯಾರಿಗೂ ಜವಾಬ್ದಾರಿ ಅನ್ನೋದು ಬೇಡ್ವಾ? ಇಷ್ಟು ವರ್ಷ ಕುಂಬಳಕಾಯಿ ಆಕಾಶದಿಂದ ಉದುರ್ತಿತ್ತಾ? ಯಾರೋ ಒಬ್ರು ತರ್ತಿದ್ರು ತಾನೇ? ಆ ಮಹಾನುಭಾವರಿಗೆ ಈ ವರ್ಷ ಏನ್ ರೋಗ ಬಂದಿತ್ತು? ಲೀಡರ್ ಬಾಯಿ ಬಿಟ್ಟು ಹೇಳ್ಲಿಲ್ಲ ಅಂದ್ರೆ ತರಬಾರ್ದಾ? ಇದಕ್ಕೇ ಮೇಡಂ ಹೇಳೋದು, ನಾವು ಗ್ರೂಪು, ಟೀಮ್ ಅಲ್ಲ ಅಂತ!’ ಎಂದು ಕೂಗಾಡಿದೆ. ಕೆಂಗೇರಿಯಲ್ಲಿ ಕೇಳಿದ್ದನ್ನೂ, ಕೋಟಿನವರು ಹೇಳಿದ್ದನ್ನೂ ಒಂದೂ ಬಿಡದೆ ಹೇಳಿದೆ. ಎಲ್ಲರೂ ತಲೆ ತಗ್ಗಿಸಿ ನಿಂತಿದ್ದರು. ನನ್ನ ಮಾತು ನಾಟುತ್ತಿದೆ ಎಂದು ಇನ್ನಷ್ಟು ಹುರುಪು ಬಂತು. ಅವರು ತಲೆ ತಗ್ಗಿಸಿದ್ದು ನಗು ಬಂದೀತೆಂಬ ಭಯಕ್ಕೆ ಎಂದು ಆಮೇಲೆ ತಿಳಿಯಿತು.

ಸುಲೋಚನಾ ಮೇಡಂ ಹತ್ತಿರ ಬಂದು, ಮೆಲ್ಲಗೆ ಆದರೆ ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದರು: ‘ಸ್ವಾಮಿಯವರ, ಕುಂಬಳಕಾಯಿ ವರ್ಷಾ ನೀವ ತರತಿದ್ರಿ.’

ಹೌದು, ನಾನೇ! ಪ್ರತಿವರ್ಷ ಪೂಜೆಯ ಹಿಂದಿನ ಸಂಜೆ ವಿಜಯನಗರದ ಮಾರ್ಕೆಟ್ಟಿಗೆ ಹೋಗಿ, ನಾಲ್ಕಾರು ಕಾಯಿ ತಟ್ಟಿ ನೋಡಿ, ಒಳ್ಳೆಯದೊಂದನ್ನು ಆರಿಸಿ, ಬೆಳಿಗ್ಗೆ ಸ್ಕೂಟರಿನಲ್ಲಿ ಎರಡು ಕಾಲಿನ ಮಧ್ಯೆ ಇಟ್ಟುಕೊಂಡು, ಅದರ ಬೂದಿಯನ್ನೆಲ್ಲ ಪ್ಯಾಂಟಿಗೆ ಮೆತ್ತಿಕೊಂಡು ಬಂದು ಒಂದು ಮೂಲೆಯಲ್ಲಿಟ್ಟು ನನ್ನ ಮರದ ಕುರ್ಚಿಗೆ ಹೋಗಿ ಕೂರುವವನು ನಾನೇ. ಅದೊಂದು ಕೆಲಸ ಎಂದೇ ನನಗೆ ಅನಿಸಿರಲಿಲ್ಲ, ಅದಕ್ಕೇ ಯಾರಿಗೂ ಹಂಚಿರಲಿಲ್ಲ. ಉಸಿರಾಡುವುದನ್ನು ಯಾರಾದರೂ ಹಂಚುತ್ತಾರೆಯೇ? ಎಲ್ಲರೂ ನಾನು ತರುತ್ತೇನೆಂದು ನೆಚ್ಚಿಕೊಂಡಿದ್ದರು. ನಾನು ಲೀಡರಾಗಿದ್ದೆ.

‘ನಿಂತು ಏನ್ ನೋಡತೀರಿ? ಗಾಡಿ ತಗೀರಿ’ ಎಂದರು ಸುಲೋಚನಾ ಮೇಡಂ. ‘ಮುನಿರಾಜು, ನೀ ಹಿಂದ ಕೂಡು, ಕಾಯಿ ಹಿಡ್ಕೊಳ್ಳಾಕ. ಮೊದಲ ರಾಜ್‌ಕುಮಾರ್ ರೋಡಿನ್ಯಾಗ ನೋಡ್ರಿ, ಇಲ್ಲಂದ್ರ ಮುಂದ ಹೋಗ್ರಿ. ಪುರೋಹಿತರ, ನೀವು ಮಗ್ಗಲ ಕಂಪನಿ ಪೂಜಾ ಮುಗಿಸಿ ಬರ್ರಿ, ಅಷ್ಟೊತ್ತಿಗೆ ಕಾಯಿ ಬಂದಿರತೈತಿ. ಉಳದವರು ಸ್ವೀಟ್ ಪೊಟ್ಟಣ ಕಟ್ಟ್ರಿ.’ ಎಲ್ಲರೂ ಹೊರಟೇಬಿಟ್ಟರು. ಪುರೋಹಿತರೂ ಹೊರಟರು. ನಾನು ಯಾವಾಗ ಗೇಟು ದಾಟಿದೆನೋ ನನಗೇ ತಿಳಿಯದು. ಅರ್ಧ ದಾರಿಯಲ್ಲಿ ನನಗೆ ಹೊಳೆಯಿತು, ಅಲ್ಲಾ, ಲೀಡರ್ ನಾನಲ್ಲವೇ? ಇವರು ಹೇಳಿದ ತಕ್ಷಣ ನಾನೇಕೆ ಹೊರಟೆ? ಸ್ಕೂಟರು ನಿಲ್ಲಿಸಿ ವಾಪಸು ಹೋಗಿ, ‘ನಾನೇ ಹೇಳ್ತೀನಿ ಇರಿ’ ಎಂದು ಹೇಳೋಣ ಎಂದುಕೊಂಡೆ. ಹಿಂದಿನಿಂದ ಮುನಿರಾಜು, ‘ಬೇಗ ಹೋಗಿ ಸಾರ್, ಮೇಡಂ ಕಾಯ್ತಾ ಇರ್ತಾರೆ’ ಎಂದ. ಬೇಗ ಹೋದೆ.

ಹಬ್ಬದ ದಿನ ಬೆಳಿಗ್ಗೆ ಅಷ್ಟು ಹೊತ್ತಿಗೆ ಕುಂಬಳಕಾಯಿ ಸಿಗುವುದೆಂದರೆ ಸಾಮಾನ್ಯವೇ? ನಾವು ನೋಡಿದ್ದೆಲ್ಲ ಆಗಲೇ ಒಡೆದ ಕಾಯಿಗಳು. ಪ್ರತಿ ಅಂಗಡಿಯ ಮುಂದೆಯೂ ರಸ್ತೆಯ ತುಂಬ ಕೆಂಪಗೆ ಹೋಳಾಗಿ ಬಿದ್ದಿದ್ದವು, ಅವುಗಳ ಮಧ್ಯೆ ಸ್ಕೂಟರು ಜಾರದಂತೆ ಬಿಡುವುದೇ ಒಂದು ಸಾಹಸ. ಕೊನೆಗೆ ಒಬ್ಬ ತಳ್ಳುಗಾಡಿಯವನ ಹತ್ತಿರ ಒಂದೇ ಒಂದು ಉಳಿದಿತ್ತು, ಅದೂ ಒಂದು ಮಗ್ಗುಲು ಬಿರುಕು ಬಿಟ್ಟದ್ದು. ‘ಬಿರುಕಿದೆಯಲ್ಲಪ್ಪಾ’ ಎಂದೆ. ಇಷ್ಟು ವರ್ಷ ತಟ್ಟಿ ತಟ್ಟಿ ಆರಿಸಿದ ಕೈ ನೋಡಿ, ಸುಮ್ಮನಿರಲಾರದು. ಅವನು ನನ್ನನ್ನು ಮೇಲಿಂದ ಕೆಳಗಿನವರೆಗೂ ನೋಡಿ, ‘ಅಣ್ಣಾ, ಹೆಂಗಿದ್ರೂ ಒಡೆಯೋಕೆ ತಾನೇ ತಗೊಂಡೋಗ್ತಿರೋದು’ ಎಂದ. ಮುನಿರಾಜು ಎಷ್ಟು ನಕ್ಕನೆಂದರೆ, ಆ ಮೀಟಿಂಗಿನ ದಿನದಿಂದ ದಪ್ಪಗಾಗಿದ್ದ ಅವನ ಮುಖ ಅಲ್ಲೇ ಸಡಿಲವಾಯಿತು. ಕಾಯಿ ಹಿಡಿದುಕೊಂಡು ಹಿಂದೆ ಕೂತು, ‘ಬಿಡಿ ಸಾರ್, ಮುಂದಿನ್ ವರ್ಷ ಇಬ್ರೂ ಮೊದಲಿನಂಗೇ ಇರೋಣ’ ಎಂದ. ನಾನು ಸುಮ್ಮಸುಮ್ಮನೆ ಎರಡು ಸಲ ಹಾರ್ನ್ ಬಾರಿಸಿದೆ. ಕೋಪಕ್ಕೇ ಇರಬೇಕು.

ಕಾಯಿ ಒಡೆದದ್ದಾಯಿತು. ಪುರಿ, ಸ್ವೀಟು ಹಂಚಿದ್ದಾಯಿತು. ಅನುಷಾ ಮೇಡಂ ನನ್ನ ಪಕ್ಕಕ್ಕೆ ಬಂದು, ಬೇಸರಪಟ್ಟುಕೊಳ್ಳದೆ ಕುತೂಹಲದಿಂದಲೇ ಕೇಳಿದರು: ‘ಸ್ವಾಮಿ ಸಾರ್, ಕುಂಬಳಕಾಯಿ ತರೋ ಜವಾಬ್ದಾರಿ ನಿಮಗೆ ಯಾರು ಕೊಟ್ಟಿದ್ರು?’ ನಾನು ಯೋಚಿಸಿದೆ. ಯಾರು ಕೊಟ್ಟರು? ಉತ್ತರ ಮುಂದಿನ ಕುರ್ಚಿಯಿಂದ ಬಂತು. ಶಿವರುದ್ರಪ್ಪನವರು ಪುರಿ ಅಗಿಯುತ್ತಾ, ‘ನಾನೇ ಹೇಳಿದ್ದೆ ಕಣಮ್ಮ’ ಎಂದರು. ‘ಇವನು ಕೆಲಸಕ್ಕೆ ಸೇರಿದ ವರ್ಷ, ಮಾಮೂಲಿ ತರೋನು ಜ್ವರ ಅಂತ ಮಲಗಿದ್ದ. ಲೇ ಸ್ವಾಮಿ, ನಾಳೆ ಬರ್ತಾ ಒಂದು ಕುಂಬಳಕಾಯಿ ತಗೊಂಡ್ ಬಾರಪ್ಪ ಅಂದೆ. ಆ ವರ್ಷದ ಮಟ್ಟಿಗೆ ಅಂದಿದ್ದು. ಮುಂದಿನ ವರ್ಷಾನೂ ತಂದ. ಅದರ ಮುಂದಿನ ವರ್ಷಾನೂ ತಂದ. ಏನೋ ಹರಕೆ ಹೊತ್ಕೊಂಡಿದಾನೇನೋ ಅಂತ ನಾನು ಕೇಳೋಕೆ ಹೋಗ್ಲಿಲ್ಲ.’

ನೀವೇ ಹೇಳಿ, ಇದು ಅನ್ಯಾಯವಲ್ಲವೇ? ಒಬ್ಬ ಮನುಷ್ಯ ಒಂದು ಸಲ ‘ತಗೊಂಡ್ ಬಾ’ ಎಂದ ಮೇಲೆ, ‘ಇನ್ನು ಸಾಕು’ ಎಂದು ಹೇಳುವುದು ಅವನ ಕರ್ತವ್ಯವಲ್ಲವೇ? ಅವರು ಹೇಳಲಿಲ್ಲ, ನಾನು ನಿಲ್ಲಿಸಲಿಲ್ಲ. ತಪ್ಪು ಯಾರದ್ದು? ಅನುಷಾ ಮೇಡಂ ಮಾತು ಕೊಟ್ಟಿದ್ದರಿಂದ ಅವತ್ತೇ ಕ್ಯಾಬಿನ್ನಿನ ವಿಷಯ ತಿಳಿಸಿದರು. ಕ್ಯಾಬಿನ್ನು ಸುಲೋಚನಾ ಮೇಡಂಗೆ. ಕೆಂಗೇರಿಗೇ ಬರದವರಿಗೆ! ಯಾವ ಬಣ್ಣದ ಟೋಪಿಯನ್ನೂ ಹಾಕಿಕೊಳ್ಳದವರಿಗೆ! ಎಲ್ಲರೂ ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಮೊದಲು ಶುರುಮಾಡಿದ್ದು ನಾನೇ, ಅದೇಕೋ ಕೈ ತಾನಾಗಿ ಹೋಯಿತು.

ಮನೆಗೆ ಬಂದು ಗಿರಿಜಾಳಿಗೆ ಹೇಳಿದರೆ ಅವಳು ತಲೆ ಚಚ್ಚಿಕೊಂಡಳು. ‘ಈ ಸಲ ಸ್ಕೂಟರಲ್ಲಿ ಏನೂ ಇಟ್ಕೊಂಡಿಲ್ವಲ್ಲಾ ಅಂತ ಹೇಳಿದ್ನಲ್ಲ ಕಣ್ರೀ. ನೀವು ಲೀಡರ್ ಆಗಿದೀರಿ, ಬೇರೆಯವರು ತರ್ತಾರೇನೋ ಅಂದ್ಕೊಂಡೆ’ ಎಂದಳು. ಅಕ್ಕನಿಗೆ ಏನು ಹೇಳುವುದೆಂಬುದೇ ಅವಳಿಗೆ ದೊಡ್ಡ ಚಿಂತೆ. ನನಗೆ ಅವಳ ಮೇಲೂ ಸಿಟ್ಟು ಬಂತು.

ಹಬ್ಬದ ರಜ ಮುಗಿಸಿಕೊಂಡು ಹೋದರೆ ನನ್ನ ಮರದ ಕುರ್ಚಿ ಇಲ್ಲ. ಆ ಜಾಗದಲ್ಲಿ ತಿರುಗುವ ಕುರ್ಚಿ. ಅದರ ಪಕ್ಕದಲ್ಲಿ ಸುಲೋಚನಾ ಮೇಡಂ ಲಾರಿಯವರೊಂದಿಗೆ ಫೋನಿನಲ್ಲಿ ಮಾತಾಡುತ್ತಾ ನಿಂತಿದ್ದರು. ಫೋನಿಟ್ಟು, ‘ಕ್ಯಾಬಿನ್ನಿನ್ಯಾಗ ಸ್ಪೇರ್ ಸಾಮಾನು ಇಡಿಸೇನಿ. ನನಗ ಕುಂದರಾಕ ಎಲ್ಲೈತ್ರೀ ಪುರಸೊತ್ತು? ನೀವ ಕುಂದರ್ರಿ’ ಎಂದರು. ಇಂಥ ದಾನವನ್ನು ಒಪ್ಪಿಕೊಳ್ಳಬಾರದು, ಸ್ವಾಭಿಮಾನ ಇರುವವನು ನಿಂತೇ ಕೆಲಸ ಮಾಡಬೇಕು ಎಂದು ನಾನು ಗಟ್ಟಿಯಾಗಿ ತೀರ್ಮಾನಿಸಿದೆ. ಅಷ್ಟರಲ್ಲಿ ಅವರು ‘ಕುಂದರ್ರಿ’ ಎಂದು ಇನ್ನೊಂದು ಸಲ ಹೇಳಿದರು. ಕೂತೆ. ಕುರ್ಚಿ ಒಂದು ಸುತ್ತು ತಿರುಗಿತು. ಮೇಲೆ ಫ್ಯಾನಿಲ್ಲ, ಆದರೂ ಚೆನ್ನಾಗಿತ್ತು.

ಆ ಕುರ್ಚಿಯಲ್ಲಿ ಕೂತ ಧೈರ್ಯಕ್ಕೋ ಏನೋ, ನನ್ನ ಮನಸ್ಸಿನಲ್ಲಿದ್ದದ್ದನ್ನು ಹೇಳಿಯೇಬಿಟ್ಟೆ. ‘ನೋಡಿ ಮೇಡಂ, ಒಂದು ಮಾತು ಸ್ಪಷ್ಟವಾಗಿ ಹೇಳ್ತೀನಿ. ಮುಂದಿನ ವರ್ಷ ಕುಂಬಳಕಾಯಿ ನಾನೇ ತರ್ತೀನಿ. ಆದ್ರೆ ಶಿವರುದ್ರಪ್ಪನವರು ಹೇಳಿದ್ರು ಅಂತ ಅಲ್ಲ, ನೀವು ಹೇಳ್ತೀರಿ ಅಂತಾನೂ ಅಲ್ಲ. ಅದು ನನ್ನ ಸ್ವಂತ ನಿರ್ಧಾರ ಆಗಿರುತ್ತೆ’ ಎಂದೆ. ಅವರು ಒಂದಿಷ್ಟೂ ನಗದೆ, ‘ಆತ್ರಿ ಸ್ವಾಮಿಯವರ. ಹಂಗಾದ್ರ ಯಾವಾಗ ನಿರ್ಧಾರ ಮಾಡತೀರಿ?’ ಎಂದು ಕೇಳಿದರು.

‘ನೀವು ಯಾವಾಗ ಅಂತೀರೋ ಆವಾಗ ಮೇಡಂ’ ಎಂದೆ.